ಪತ್ತನಾಜೆಗೆ ಮೊದಲು ತೋಡಿನ ಬದಿ ಖಾಲಿ ಮಾಡಿ: ದನ ಮೇಯಿಸುವವರಿಗೆ ಒಂದಷ್ಟು ಮಾತು

ಮೂರು ವರ್ಷದ ಹಿಂದೆ ಪತ್ತನಾಜೆ (ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಸುಮಾರಿಗೆ) ಕಳೆದು ನಾಲ್ಕನೇ ದಿನ ಮೊದಲ ದೊಡ್ಡ ಮಳೆ ಬಂತು. ಮರುದಿನ ಬೆಳಿಗ್ಗೆ ಕೆಳಗಿನ ಮನೆಯ ಅಕ್ಕ ತಡಮೆ ದಾಟಿ ಬಂದು ಅಂಗಳದಲ್ಲೇ ನಿಂತರು. "ಅಣ್ಣಾ, ಬೇಸರ ಮಾಡ್ಬೇಡಿ. ನಮ್ಮ ಬಾವಿ ನೀರು ಚಹಾದ ಬಣ್ಣಕ್ಕೆ ತಿರುಗಿ ಉಂಟು. ವಾಸನೆಯೂ ಉಂಟು" ಎಂದರು. "ಮೊದಲ ಮಳೆಗೆ ಹಾಗೇ ಅಲ್ವಾ, ಎರಡು ದಿನ ಬಿಟ್ಟರೆ ತಿಳಿಯಾಗುತ್ತದೆ" ಎಂದೆ ನಾನು. ಅವರು ಮತ್ತೇನೂ ಹೇಳದೆ ಹೋದರು. ಆ ಸುಮ್ಮನಿರುವಿಕೆ ನನಗೆ ಸರಿ ಕಾಣಲಿಲ್ಲ.

ಮಧ್ಯಾಹ್ನ ಕೊಡೆ ಹಿಡಿದು ತೋಡಿನ (ಸಣ್ಣ ಹಳ್ಳದ) ಬದಿಗೆ ಹೋದೆ. ಮಾರ್ಚಿನಿಂದ ಮೇ ತನಕ ನನ್ನ ನಾಲ್ಕು ದನ ಬಿಸಿಲು ಹೊತ್ತಿನಲ್ಲೆಲ್ಲ ನಿಲ್ಲುತ್ತಿದ್ದ ಜಾಗ ಅದು. ತೋಡಿಗೆ ಅಡ್ಡ ಹಾಕಿದ ಒಡ್ಡಿನ, ಅಂದರೆ ಕಟ್ಟದ, ನೀರು ಪಕ್ಕದಲ್ಲೇ, ಮೇಲೆ ಹೊಂಗೆ ಮರದ ನೆರಳು, ದನಕ್ಕೆ ಇನ್ನೇನು ಬೇಕು. ಮೂರು ತಿಂಗಳ ಸೆಗಣಿ ಅಲ್ಲಿ ಒಣಗಿ ಕೂತಿತ್ತು. ಈಗ ಒಂದು ಹಿಡಿ ಇರಲಿಲ್ಲ. ತೊಳೆದಿಟ್ಟ ಹಾಗೆ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಕಾಣುತ್ತಿತ್ತು. ಎರಡು ಮಿಶ್ರತಳಿ, ಎರಡು ಊರಿನ ಸಣ್ಣ ತಳಿಯ ಗಿಡ್ಡ, ದಿನಕ್ಕೆ ಎಲ್ಲ ಸೇರಿ 40 ಕಿಲೋ ಸೆಗಣಿ ಎಂದುಕೊಳ್ಳಿ. ಅದರಲ್ಲಿ ಮೂರರಲ್ಲಿ ಒಂದು ಪಾಲು ಅಲ್ಲೇ ಬಿದ್ದಿದ್ದರೂ ಮೂರು ತಿಂಗಳಿಗೆ ಒಂದು ಟನ್ನಿಗಿಂತ ಜಾಸ್ತಿ ಆಯಿತು. ಅದೆಲ್ಲ ಒಂದೇ ರಾತ್ರಿಯಲ್ಲಿ ಎಲ್ಲಿಗೆ ಹೋಯಿತು ಅಂತ ಕೇಳಬೇಕಾಗಿಯೇ ಇಲ್ಲ.

ಇದನ್ನು ಬರೆಯುವುದು ಕಾಸರಗೋಡಿನ ಒಳಭಾಗದಲ್ಲಿ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ, ಎರಡು ಮೂರು ದನ ಇಟ್ಟುಕೊಂಡು ಅಡಿಕೆ ತೋಟದ ಜೊತೆ ಬದುಕುವವರಿಗೆ. ನೂರು ದನದ ಡೈರಿ ಇರುವವರ ಲೆಕ್ಕಾಚಾರ ಬೇರೆ.

ಮೊದಲು ಲೆಕ್ಕ

ದನ ತಿಂದ ಸಾರಜನಕದಲ್ಲಿ ಹಾಲಿಗೆ ಹೋಗುವುದು ಹೆಚ್ಚುಕಡಿಮೆ ಕಾಲು ಭಾಗ. ಉಳಿದದ್ದು ಹಿಂದಿನಿಂದ ಬರುತ್ತದೆ, ಅದೂ ಗಂಜಲದಲ್ಲಿ ಜಾಸ್ತಿ. ರಂಜಕ ಹೆಚ್ಚಾಗಿ ಸೆಗಣಿಯಲ್ಲಿ ಇರುತ್ತದೆ. ಒಂದು ಮಿಶ್ರತಳಿ ದನ ದಿನಕ್ಕೆ 15 ಕಿಲೋ ಸೆಗಣಿ, 8 ಲೀಟರ್ ಗಂಜಲ ಕೊಡುತ್ತದೆ ಅಂತ ಇಟ್ಟರೆ ವರ್ಷಕ್ಕೆ ಸುಮಾರು 45ರಿಂದ 50 ಕಿಲೋ ಸಾರಜನಕ. ಯೂರಿಯಾ ಲೆಕ್ಕದಲ್ಲಿ 100 ಕಿಲೋ, ಅಂದರೆ 45 ಕಿಲೋದ ಚೀಲ ಎರಡಕ್ಕಿಂತ ಜಾಸ್ತಿ. ಅಡಿಕೆ ಮರ ಒಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಕೊಡಿ ಅನ್ನುವುದು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಅರ್ಧ ಗಾಳಿಗೆ, ಅಲ್ಲಿ ಇಲ್ಲಿ ಹೋಯಿತು ಅಂತ ಬಿಟ್ಟರೂ ಒಂದು ದನ 200 ಮರಕ್ಕೆ ಸಾಕಾಗುವಷ್ಟು ಸಾರಜನಕ ಕೊಡುತ್ತದೆ. ಇಷ್ಟು ಇರುವಾಗ ಅದನ್ನು ತೋಡಿಗೆ ಬಿಟ್ಟು ಸೊಸೈಟಿಯಿಂದ ಚೀಲ ಹೊತ್ತು ತರುವುದು ಎಂಥಾ ಕೆಲಸ ಹೇಳಿ. ನಾನು ಎಷ್ಟೋ ವರ್ಷ ಅದನ್ನೇ ಮಾಡಿದ್ದೇನೆ.

ಇದನ್ನು ಹೇಳಿದಾಗ ನನ್ನ ಭಾವ ನಕ್ಕರು. "ದನ ತೋಡಿನ ಬದಿಯಲ್ಲಿ ಮೇಯುವುದು ಇವತ್ತು ನಿನ್ನೆ ಶುರುವಾದದ್ದಾ? ಅಜ್ಜನ ಕಾಲದಲ್ಲಿ ಇಪ್ಪತ್ತು ದನ ಇತ್ತು, ಆಗ ನೀರು ಹಾಳಾಯ್ತಾ?" ಪ್ರಶ್ನೆ ಸರಿಯಾದದ್ದೇ. ಉತ್ತರ ಹುಡುಕಲಿಕ್ಕೆ ನನಗೆ ಸ್ವಲ್ಪ ದಿನ ಬೇಕಾಯಿತು. ಅಜ್ಜನ ಇಪ್ಪತ್ತು ದನ ಎಲ್ಲವೂ ಗಿಡ್ಡ. ಕಾಸರಗೋಡು ಗಿಡ್ಡ ಅಂದರೆ ಎತ್ತರ ಒಂದು ಮೀಟರಿಗೂ ಕಡಿಮೆ, ತೂಕ ನೂರು ನೂರೈವತ್ತು ಕಿಲೋ. ಅವು ಪದವಿನ ಹುಲ್ಲು, ಗುಡ್ಡೆಯ ಸೊಪ್ಪು ತಿಂದು ಸಂಜೆ ಹಟ್ಟಿಗೆ ಬಂದು ಸೆಗಣಿ ಹಾಕುತ್ತಿದ್ದವು. ಅಂದರೆ ಗುಡ್ಡೆಯ ಸಾರ ಹಟ್ಟಿಯ ಮೂಲಕ ಗದ್ದೆಗೆ, ತೋಟಕ್ಕೆ ಬರುತ್ತಿತ್ತು. ಹೊರಗಿನಿಂದ ಒಂದು ಹಿಡಿಯೂ ಬರುತ್ತಿರಲಿಲ್ಲ. ಈಗ ನಮ್ಮ ಹಟ್ಟಿಗೆ ತಿಂಗಳಿಗೆ ಎಷ್ಟು ಚೀಲ ಹಿಂಡಿ, ಫೀಡ್ ಬರುತ್ತದೆ? ಎಲ್ಲೋ ದೂರದ ಊರಿನ ಹೊಲದ ಜೋಳ, ಸೋಯಾ, ಕಡಲೆಕಾಯಿಯ ಸಾರ ಲಾರಿಯಲ್ಲಿ ಬಂದು ನಮ್ಮ ಅಂಗಳದಲ್ಲಿ ಇಳಿಯುತ್ತದೆ. ಹಾಲಿನಲ್ಲಿ ಸ್ವಲ್ಪ ಹೊರಗೆ ಹೋಗುತ್ತದೆ, ಉಳಿದದ್ದು ಇಲ್ಲೇ ಸೇರುತ್ತದೆ. ಗದ್ದೆಗಳೂ ಈಗ ಇಲ್ಲ, ಹೀರಿಕೊಳ್ಳುವವರು ಕಡಿಮೆ. ಹಾಗಾಗಿ ಅಜ್ಜನ ಇಪ್ಪತ್ತು ದನದಿಂದ ಆಗದ್ದು ನಮ್ಮ ನಾಲ್ಕರಿಂದ ಆಗುತ್ತದೆ.

ನಮ್ಮ ಮಣ್ಣಿನಲ್ಲಿ ಏನಾಗುತ್ತದೆ

ಮುರಕಲ್ಲು ಮಣ್ಣಿನಲ್ಲಿ ಕಬ್ಬಿಣ, ಅಲ್ಯುಮಿನಿಯಂ ಜಾಸ್ತಿ. ಅದು ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಾಗಾಗಿ ರಂಜಕ ನೀರಲ್ಲಿ ಕರಗಿ ಹೋಗುವುದಕ್ಕಿಂತ ಮಣ್ಣಿನ ಜೊತೆ ಕೊಚ್ಚಿಕೊಂಡು ಹೋಗುವುದೇ ಹೆಚ್ಚು. ಅಂದರೆ ತೋಡಿನ ನೀರು ಕೆಂಪಾದರೆ ರಂಜಕವೂ ಹೋಗುತ್ತಿದೆ ಅಂತ ಲೆಕ್ಕ. ಸಾರಜನಕದ ಗುಣ ಬೇರೆ. ಗಂಜಲ ಮಣ್ಣಿಗೆ ಬಿದ್ದು ಕೆಲವು ವಾರದಲ್ಲಿ ನೈಟ್ರೇಟ್ ಆಗುತ್ತದೆ. ಅದನ್ನು ಮಣ್ಣು ಹಿಡಿಯುವುದಿಲ್ಲ. ನೀರು ಎಲ್ಲಿಗೋ ಅದೂ ಅಲ್ಲಿಗೆ. ಮುರಕಲ್ಲಿನ ತೂತುಗಳಲ್ಲಿ ಇಳಿದು ಬಾವಿಗೆ, ನೀರಿಗಾಗಿ ಗುಡ್ಡೆಯ ಒಳಕ್ಕೆ ಅಡ್ಡ ಕೊರೆದ ಸುರಂಗಕ್ಕೆ ಬರುತ್ತದೆ.

ಸುರಂಗದ ನೀರು ಕುಡಿಯುವವರು ಇದನ್ನು ಸ್ವಲ್ಪ ಗಮನಿಸಿ. ಸುರಂಗದ ಬಾಯಿ ಮನೆಯ ಹತ್ತಿರ ಇರಬಹುದು, ಆದರೆ ಅದಕ್ಕೆ ನೀರು ಕೊಡುವುದು ಮೇಲಿನ ಗುಡ್ಡೆ. ಗುಡ್ಡೆಯ ತಲೆಯಲ್ಲಿ ಸೆಗಣಿ ರಾಶಿ ಹಾಕುವುದು, ದನವನ್ನು ದಿನಾ ಒಂದೇ ಮರದ ಬುಡದಲ್ಲಿ ಕಟ್ಟುವುದು, ಇವೆರಡೂ ಬೇಡ. ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದು ಮೀರಿದರೆ ಆರು ತಿಂಗಳೊಳಗಿನ ಶಿಶುಗಳಿಗೆ ಅಪಾಯ, ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕಡಿಮೆಯಾಗಿ ಮೈ ನೀಲಿಗಟ್ಟುತ್ತದೆ. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟು ಅದು ಇನ್ನೂ ಗಟ್ಟಿಯಾಗುತ್ತದೆ. ಹಾಗಾಗಿ ಬಾಣಂತಿ ಇರುವ ಮನೆಯಲ್ಲಿ "ಕುದಿಸಿ ಕೊಡ್ತೇವೆ, ಏನೂ ಆಗೂದಿಲ್ಲ" ಅಂತ ಕೂರಬಾರದು.

ಕಟ್ಟದ ವಿಷಯ ಇನ್ನೊಂದು. ಏತಡ್ಕದಂಥ ಊರಿನಲ್ಲಿ ಜನ ವರ್ಷವರ್ಷ ಸೇರಿ ಕಟ್ಟ ಕಟ್ಟಿ ನೀರು ನಿಲ್ಲಿಸುತ್ತಾರೆ, ಅದರಿಂದಲೇ ತೋಟ ಉಳಿಯುತ್ತದೆ. ಆದರೆ ನಿಂತ ನೀರು, ಏಪ್ರಿಲಿನ ಬಿಸಿಲು, ಜೊತೆಗೆ ರಂಜಕ, ಈ ಮೂರು ಸೇರಿದರೆ ಪಾಚಿ ಬಿಡುವುದಿಲ್ಲ. ಪಾಚಿ ರಾತ್ರಿ ಉಸಿರಾಡುವಾಗಲೂ, ಸತ್ತು ಕೊಳೆಯುವಾಗಲೂ ನೀರಿನ ಆಮ್ಲಜನಕ ತಿಂದುಬಿಡುತ್ತದೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುವುದು ಅದಕ್ಕೇ. ಗುಡ್ಡೆಯ ಮಳೆನೀರು ನಿಲ್ಲುವ ಮದಕಗಳಲ್ಲಿಯೂ ಇದೇ ಕತೆ.

ಕೊಡೆ ಹಿಡಿದು ನಡೆಯಿರಿ

ಮೊದಲ ಕೆಲಸಕ್ಕೆ ಖರ್ಚಿಲ್ಲ. ಜೋರು ಮಳೆ ಬರುವಾಗ ಒಂದು ಗಂಟೆ ನಿಮ್ಮ ಜಾಗದಲ್ಲಿ ನಡೆಯಿರಿ. ಹಟ್ಟಿಯ ಮಾಡಿನ (ಛಾವಣಿಯ) ನೀರು ಎಲ್ಲಿಗೆ ಬೀಳುತ್ತದೆ, ಗೊಬ್ಬರ ಗುಂಡಿ ತುಂಬಿದರೆ ಎತ್ತ ಹರಿಯುತ್ತದೆ, ಗುಡ್ಡೆಯಲ್ಲಿ ದನ ನಡೆದ ದಾರಿ ಹೇಗೆ ಚರಂಡಿ ಆಗಿದೆ, ತೋಟದ ಕಣಿಗಳು (ನೀರು ಹೋಗುವ ಚರಂಡಿ) ಯಾವ ಮೂಲೆಯಲ್ಲಿ ತೋಡಿಗೆ ಸೇರುತ್ತವೆ. ಬಿಸಿಲಲ್ಲಿ ನೋಡಿದರೆ ಇದೊಂದೂ ಕಾಣುವುದಿಲ್ಲ. ನಾನು ನಡೆದಾಗ ಗೊತ್ತಾದದ್ದು, ನನ್ನ ತೊಂದರೆಯ ಬಹುಪಾಲು ಮೂರೇ ಮೂರು ಕಡೆಯಿಂದ ಬರುತ್ತಿತ್ತು: ಹೊಂಗೆ ಮರದ ಬುಡ, ಹಟ್ಟಿಯ ಹಿಂದಿನ ಗುಂಡಿ, ತೋಟದ ಎರಡು ಕಣಿ. ಉಳಿದ ನಾಲ್ಕು ಎಕರೆ ಸುಮ್ನೆ ಪಾಪದ್ದು, ಅದರಿಂದ ತೊಂದರೆ ಇಲ್ಲ. ನಿಮ್ಮದೂ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಎಲ್ಲವನ್ನೂ ಒಟ್ಟಿಗೆ ಸರಿ ಮಾಡಲು ಹೋಗಬೇಡಿ, ಆ ಮೂರು ಜಾಗ ಹಿಡಿಯಿರಿ.

ತೋಡಿನ ಬದಿ

ದನವನ್ನು ನೀರಿನಿಂದ ದೂರ ಇಡಬೇಕು. ಹೇಳುವುದು ಸುಲಭ. ದನ ಯಾಕೆ ಅಲ್ಲಿಗೆ ಹೋಗುತ್ತದೆ ಅಂತ ನೋಡದೆ ಬೇಲಿ ಹಾಕಿದರೆ ಬೇಲಿಯೇ ಮುರಿಯುತ್ತದೆ. ಅದಕ್ಕೆ ಬೇಕಾದ್ದು ಎರಡು, ನೀರು ಮತ್ತು ನೆರಳು. ಇವೆರಡನ್ನೂ ಬೇರೆ ಕಡೆ ಕೊಟ್ಟ ಮೇಲೆ ಬೇಲಿಗೆ ಹೆಚ್ಚು ಕೆಲಸವೇ ಇರುವುದಿಲ್ಲ.

ಹಾಲು ಕೊಡುವ ಮಿಶ್ರತಳಿ ದನಕ್ಕೆ ಸೆಕೆಗಾಲದಲ್ಲಿ ದಿನಕ್ಕೆ 50, 60 ಲೀಟರ್ ನೀರು ಬೇಕು. ನಮ್ಮ ಕಡೆ ಒಂದು ಅನುಕೂಲ ಉಂಟು, ಸುರಂಗದ ನೀರು ತಾನಾಗಿಯೇ ಇಳಿದು ಬರುತ್ತದೆ, ಪಂಪಿನ ಹಂಗಿಲ್ಲ. ಅರ್ಧ ಇಂಚಿನ ಪೈಪ್, ಒಂದು ಸಿಮೆಂಟ್ ತೊಟ್ಟಿ ಅಥವಾ ಅರ್ಧ ಕತ್ತರಿಸಿದ ಪ್ಲಾಸ್ಟಿಕ್ ಡ್ರಮ್, ಒಂದು ಫ್ಲೋಟ್ ವಾಲ್ವ್. ತೋಡಿನಿಂದ ನೂರು ಅಡಿಯಾದರೂ ದೂರ, ಸ್ವಲ್ಪ ಸಮತಟ್ಟಾದ, ಮರ ಇರುವ ಜಾಗದಲ್ಲಿ ಇಡಿ. ವಾಲ್ವ್ ಹಾಕಲು ಮರೆಯಬೇಡಿ. ನಾನು ಮೊದಲ ವರ್ಷ ಹಾಕಲಿಲ್ಲ. ತೊಟ್ಟಿ ತುಂಬಿ ಹರಿದು ಸುತ್ತ ಕೆಸರಾಗಿ, ಆ ಕೆಸರಿನಲ್ಲಿ ಸೆಗಣಿ ಕಲಸಿ, ಅದು ಮತ್ತೆ ತೋಡಿಗೇ ಹೋಯಿತು. ಡ್ರಮ್ ಆದರೆ ಇನ್ನೂ ಒಳ್ಳೆಯದು, ಎರಡು ವಾರಕ್ಕೊಮ್ಮೆ ಜಾಗ ಬದಲಿಸಬಹುದು. ದನ ನೀರು ಕುಡಿಯುವ ಕಡೆ, ಮಲಗಿ ಎದ್ದ ಕಡೆ ಸೆಗಣಿ ಹಾಕುತ್ತದೆ. ತೊಟ್ಟಿ ಎಲ್ಲಿಟ್ಟರೆ ಗೊಬ್ಬರ ಅಲ್ಲಿ ಬೀಳುತ್ತದೆ ಅಂತ ಅರ್ಥ. ಸಾರ ಇಲ್ಲದ ಗುಡ್ಡೆಯ ಬರಡು ತುಂಡಿಗೆ ಗೊಬ್ಬರ ಹೊರುವ ಕೆಲಸವನ್ನು ದನವೇ ಮಾಡಿಕೊಡುತ್ತದೆ.

ಇನ್ನು ಬೇಲಿ. ಸಮತಟ್ಟಾದ ಕಡೆ ತೋಡಿನ ಅಂಚಿನಿಂದ 5 ಮೀಟರ್, ಇಳಿಜಾರಿನಲ್ಲಿ 10 ಮೀಟರಾದರೂ ಬಿಡಿ. ಗ್ಲಿರಿಸೀಡಿಯಾ ಗೂಟ ನೆಟ್ಟರೆ ಬೇಲಿಗೆ ಬೇಲಿ, ತೋಟಕ್ಕೆ ಸೊಪ್ಪು. ತೋಡಿನ ಅಂಚಿನಲ್ಲಿ ಮುಂಡೋವು, ಕೇದಗೆ ಇದ್ದರೆ ದಯವಿಟ್ಟು ಕಡಿಯಬೇಡಿ, ಅದರ ಬೇರು ಹಿಡಿದಷ್ಟು ಮಣ್ಣನ್ನು ಯಾವ ಕಲ್ಲು ಕಟ್ಟಿದರೂ ಹಿಡಿಯುವುದಿಲ್ಲ. ಬೇಲಿ ಮತ್ತು ತೋಡಿನ ನಡುವೆ ಲಾವಂಚ, ಗಿನಿ ಹುಲ್ಲು ಒತ್ತಾಗಿ ನೆಡಿ. ಮೇಲಿನಿಂದ ಬರುವ ನೀರು ಅಲ್ಲಿ ನಿಧಾನವಾಗುತ್ತದೆ, ಮಣ್ಣು ಕೂರುತ್ತದೆ. ಆ ಗಿನಿ ಹುಲ್ಲನ್ನು ಕೊಯ್ದು ಹಟ್ಟಿಗೆ ತನ್ನಿ. ಕೊಯ್ಯದೆ ಬಿಟ್ಟರೆ ಅದು ಹಿಡಿದ ಸಾರ ಅಲ್ಲೇ ಕೊಳೆತು ನೀರಿಗೆ ವಾಪಸ್. ಆ ಪಟ್ಟಿಗೆ ಗೊಬ್ಬರ ಮಾತ್ರ ಹಾಕಬೇಡಿ, ಎಷ್ಟೇ ಆಸೆಯಾದರೂ.

ಕರೆಂಟ್ ಬೇಲಿ ಬಗ್ಗೆ ಒಂದು ಮಾತು. ಹಂದಿಗೆ ಅಂತ ಮನೆಯ ಕರೆಂಟನ್ನು ನೇರ ತಂತಿಗೆ ಕೊಡುವವರಿದ್ದಾರೆ. ಅದರಲ್ಲಿ ದನವೂ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ. ಹಾಕುವುದಾದರೆ ಸರಿಯಾದ ಸೋಲಾರ್ ಎನರ್ಜೈಸರ್ (ಕ್ಷಣಮಾತ್ರ ಶಾಕ್ ಕೊಡುವ ಪೆಟ್ಟಿಗೆ) ಹಾಕಿ, ಇಲ್ಲವಾದರೆ ಬಿದಿರು ಸಾಕು.

ದನ ಮದಕಕ್ಕೋ ತೋಡಿಗೋ ಇಳಿಯಲೇಬೇಕು, ಬೇರೆ ದಾರಿಯೇ ಇಲ್ಲ ಅಂದರೆ ಒಂದೇ ಕಡೆ, ನೀರು ಹೊರಹೋಗುವ ಬದಿಯಲ್ಲಿ, ಮುರಕಲ್ಲು ಹಾಸಿ ಆರಡಿ ಅಗಲದ ಇಳಿಜಾರು ಮಾಡಿ. ಕುಡಿದು ಬರಲಿ, ನಿಲ್ಲಲು ಜಾಗ ಇರಬಾರದು.

ಗೂಟ ಬದಲಿಸುವುದು

ನಮ್ಮಲ್ಲಿ ಹೆಚ್ಚಿನವರು ದನವನ್ನು ಬಿಟ್ಟು ಮೇಯಿಸುವುದು ಕಡಿಮೆ, ಹಗ್ಗ ಹಾಕಿ ಗೂಟಕ್ಕೆ ಕಟ್ಟುತ್ತೇವೆ. ಇದು ನೋಡಲು ಹಳೆಯ ಕ್ರಮ. ಆದರೆ ಪಾಲು ಪಾಲಾಗಿ ಮೇಯಿಸಬೇಕು ಅಂತ ಈಗ ಹೇಳುವವರ ಮಾತಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. 4 ಮೀಟರ್ ಹಗ್ಗ ಅಂದರೆ ಸುತ್ತ 50 ಚದರ ಮೀಟರ್ ಹುಲ್ಲು. ಗೂಟವನ್ನು ದಿನಾ ಕಿತ್ತು ಮುಂದೆ ನೆಡಬೇಕು, ಅಷ್ಟೆ. ಸೋಮಾರಿತನಕ್ಕೆ ಮೂರು ದಿನ ಒಂದೇ ಕಡೆ ಬಿಟ್ಟರೆ ಅಲ್ಲಿ ಹುಲ್ಲಿನ ಬುಡವೇ ಹೋಗಿ ಮಣ್ಣು ಕಾಣುತ್ತದೆ, ಗಂಜಲ ಬಿದ್ದದ್ದನ್ನು ಹೀರುವ ಬೇರೇ ಇರುವುದಿಲ್ಲ. ದನ ಒಂದು ಸಲ ಉಚ್ಚೆ ಹೊಯ್ದ ಜಾಗಕ್ಕೆ ಬೀಳುವ ಸಾರಜನಕವನ್ನು ಹೆಕ್ಟೇರ್ ಲೆಕ್ಕಕ್ಕೆ ತಂದರೆ 500 ಕಿಲೋ ದಾಟುತ್ತದೆ. ನಾವು ಒಂದು ಹೆಕ್ಟೇರ್ ಅಡಿಕೆಗೆ, 1,370 ಮರಕ್ಕೆ, ವರ್ಷಪೂರ್ತಿ ಕೊಡುವುದು 137 ಕಿಲೋ. ಈಗ ಒಂದೇ ಜಾಗಕ್ಕೆ ಹತ್ತು ಸಲ ಬಿದ್ದರೆ ಏನಾದೀತು ಯೋಚಿಸಿ.

ಹುಲ್ಲು ನಾಲ್ಕು ಬೆರಳು ಎತ್ತರ ಉಳಿದಿರುವಾಗಲೇ ದನವನ್ನು ಮುಂದೆ ಕಟ್ಟಿ. ಮಳೆಗಾಲದ ಬೆಳೆಯುವ ಹುಲ್ಲಾದರೆ 25, 30 ದಿನ ಬಿಟ್ಟು ಅದೇ ಜಾಗಕ್ಕೆ ಬನ್ನಿ. ಡಿಸೆಂಬರ್ ಮೇಲೆ ಹುಲ್ಲು ಬೆಳೆಯುವುದೇ ಇಲ್ಲ, ಆಗ ದಿನ ಎಣಿಸಬೇಡಿ, ಹುಲ್ಲು ನೋಡಿ. ಗೂಟವನ್ನು ಇಳಿಜಾರಿನಲ್ಲಿ ಮೇಲಿನಿಂದ ಕೆಳಗೆ ಸರಿಸುವ ಬದಲು ಅಡ್ಡಕ್ಕೆ ಸರಿಸಿ. ಇಲ್ಲದಿದ್ದರೆ ದನ ನಡೆದ ದಾರಿ ನೇರ ಕೆಳಗೆ ಇಳಿದು ಅದೇ ಕಣಿ ಆಗುತ್ತದೆ.

ಕಡಿದಾದ ಗುಡ್ಡೆಯಲ್ಲಿ ಮಿಶ್ರತಳಿ ದನ ಮೇಯಿಸಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ. 350 ಕಿಲೋದ ದನದ ಗೊರಸು ಒದ್ದೆ ಮಣ್ಣನ್ನು ಕಿತ್ತೆಸೆಯುತ್ತದೆ. ಗಿಡ್ಡ ಆದರೆ ಹಗುರ, ಆಡಿನ ಹಾಗೆ ಹೋಗಿ ಬರುತ್ತದೆ. ಗಿಡ್ಡದ ಹಾಲು ದಿನಕ್ಕೆ ಒಂದೆರಡು ಲೀಟರ್, ಅದರಲ್ಲಿ ಸಂಸಾರ ನಡೆಯುವುದಿಲ್ಲ ಅಂತ ಗೊತ್ತು. ನನ್ನ ಹಟ್ಟಿಯಲ್ಲೂ ಎರಡೂ ಇವೆ. ಗುಡ್ಡೆಗೆ ಗಿಡ್ಡ, ಹಟ್ಟಿಗೆ ಮಿಶ್ರತಳಿ ಅಂತ ಹಂಚಿಬಿಟ್ಟಿದ್ದೇನೆ.

ಆಟಿಯಲ್ಲಿ ಹಟ್ಟಿಯೇ ಸರಿ

ನಮ್ಮ ಜಿಲ್ಲೆಗೆ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರ ದೊಡ್ಡ ಪಾಲು ಜೂನ್, ಜುಲೈ, ಆಗಸ್ಟಿನಲ್ಲೇ ಸುರಿಯುತ್ತದೆ. ಇಡೀ ವರ್ಷದ ಕೆಲಸ ಈ ಮೂರು ತಿಂಗಳ ಸುತ್ತ ತಿರುಗಬೇಕು. ಫೆಬ್ರವರಿಯಲ್ಲಿ ಮಾಡಿದ ತಪ್ಪಿಗೂ ಶಿಕ್ಷೆ ಜೂನಿನಲ್ಲೇ.

ಪತ್ತನಾಜೆ ಬರುವ ಮೊದಲು, ಅಂದರೆ ಮೇ 20ರ ಒಳಗೆ, ತೋಡಿನ ಬದಿಯಲ್ಲಿ, ನೆರಳಿನ ಮರದ ಬುಡದಲ್ಲಿ ಬೇಸಗೆಯಲ್ಲಿ ಬಿದ್ದ ಸೆಗಣಿಯನ್ನೆಲ್ಲ ಅಡಿಕೆ ಹಾಳೆಯಲ್ಲಿ ಬಳಿದು ಹೆಡಿಗೆಯಲ್ಲಿ ಹೊತ್ತು ಮಾಡು ಇರುವ ಗೊಬ್ಬರ ಗುಂಡಿಗೆ ಹಾಕಿ, ಮೇಲೆ ಸೊಪ್ಪು ಮುಚ್ಚಿ. ಒಣಗಿದ್ದು ಹಗುರ ಇರುತ್ತದೆ, ಒಬ್ಬರಿಗೆ ಎರಡು ದಿನದ ಕೆಲಸ. ಇಷ್ಟುದ್ದ ಓದಲು ಪುರಸೊತ್ತಿಲ್ಲದಿದ್ದರೆ ಇದೊಂದನ್ನೇ ಮಾಡಿ.

ಮಳೆ ಹಿಡಿದ ಮೇಲೆ ಮಣ್ಣು ಸ್ಪಂಜಿನ ಹಾಗೆ ತುಂಬಿರುತ್ತದೆ. ಕಾಲಿಟ್ಟರೆ ಗೊರಸಿನ ಗುಂಡಿಯಲ್ಲಿ ನೀರು ನಿಲ್ಲುತ್ತದೆ ಎಂದಾದರೆ ಆ ದಿನ ಮೇಯಿಸಬೇಡಿ. ಜೂನ್ ನಡುವಿನಿಂದ ಆಟಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ತಿಂಗಳು) ಕಳೆದು ಮಣ್ಣು ಗಟ್ಟಿಯಾಗುವ ತನಕ ಹುಲ್ಲು ಕೊಯ್ದು ಹಟ್ಟಿಗೇ ಹಾಕಿ. ಕೋ-3, ಕೋ-5 ನೇಪಿಯರ್ ಇದ್ದರೆ 45 ದಿನಕ್ಕೊಮ್ಮೆ ಕೊಯ್ಲು ಸಿಗುತ್ತದೆ, ತೆಂಗಿನ ಅಡಿಯ ಅರೆನೆರಳಿಗೆ ಗಿನಿ ಹುಲ್ಲು ಒಳ್ಳೆಯದು. ಮತ್ತೆ ಸೆಪ್ಟೆಂಬರ್ ಕೊನೆಗೆ ಬಿಸಿಲು ಬಿದ್ದಾಗ ಹೊರಗೆ ಬಿಡಿ. ತುಲಾ ತಿಂಗಳ ಹತ್ತರ ಸಮಯಕ್ಕೆ (ಅಕ್ಟೋಬರ್ ಕೊನೆ) ಹುಲ್ಲು ದಟ್ಟ, ಮಣ್ಣು ಗಟ್ಟಿ. ಮೇಯಿಸಲಿಕ್ಕೆ ಅದಕ್ಕಿಂತ ಒಳ್ಳೆಯ ಕಾಲ ಇಲ್ಲ. ತುಲಾಮಳೆ ಗುಡುಗಿನ ಜೊತೆ ಜೋರಾಗಿ ಬರುತ್ತದೆ, ಮಧ್ಯಾಹ್ನದ ಮೇಲೆ ದನ ಒಳಗಿರಲಿ.

ಹಟ್ಟಿಯಲ್ಲಿಟ್ಟರೆ ಸೆಗಣಿ ಎಲ್ಲ ಒಂದೇ ಕಡೆ ಸೇರುತ್ತದೆ, ಅದು ಒಳ್ಳೆಯದೂ ಹೌದು, ಅಪಾಯವೂ ಹೌದು. ಮಾಡಿನ ನೀರು ಗುಂಡಿಗೆ ಬೀಳಬಾರದು. ಒಂದು ದಂಬೆ ಹಾಕಿ ಬೇರೆ ಕಡೆ ತಿರುಗಿಸಿ, ಶುದ್ಧ ನೀರು ಶುದ್ಧವಾಗಿಯೇ ಹೋಗಲಿ. ಗುಂಡಿಗೆ ಮಾಡು ಬೇಕು, ಶೀಟ್ ಆಗಲಿ ಸೋಗೆ ಆಗಲಿ. ದನದ ಕಾಲಡಿಗೆ ಸೊಪ್ಪು, ತರಗೆಲೆ ಹಾಕುವ ಹಳೆ ಕ್ರಮವನ್ನು ಬಿಟ್ಟವರು ಮತ್ತೆ ಶುರು ಮಾಡಿ. ಗಂಜಲವನ್ನು ಅದು ಹೀರುತ್ತದೆ, ಸಾರಜನಕ ಹಾರಿಹೋಗುವುದು ಕಡಿಮೆಯಾಗುತ್ತದೆ. ರಬ್ಬರ್ ಮ್ಯಾಟ್ ಹಾಕಿ ದಿನಕ್ಕೆರಡು ಸಲ ಪೈಪಿನಲ್ಲಿ ತೊಳೆದರೆ ಹಟ್ಟಿ ಚಂದ ಕಾಣುತ್ತದೆ ನಿಜ. ಆ ತೊಳೆದ ನೀರಿಗೆ ಗುಂಡಿ ಬೇಕಲ್ವಾ? ಮೊದಲು ಬಳಿದು ತೆಗೆಯಿರಿ, ಆಮೇಲೆ ತೊಳೆಯಿರಿ. ನೀರು ಅರ್ಧಕ್ಕರ್ಧ ಉಳಿಯುತ್ತದೆ.

ಗೋಬರ್ ಗ್ಯಾಸ್ ಇರುವವರಲ್ಲಿ ಒಂದು ತಪ್ಪು ತಿಳಿವಳಿಕೆ ನೋಡಿದ್ದೇನೆ. ಗ್ಯಾಸ್ ಹೋದ ಮೇಲೆ ಸ್ಲರಿಯಲ್ಲಿ ಏನೂ ಇಲ್ಲ, ಎಲ್ಲಿಗೆ ಬಿಟ್ಟರೂ ನಡೆಯುತ್ತದೆ ಅಂತ. ಗ್ಯಾಸ್ ತೆಗೆದುಕೊಂಡು ಹೋಗುವುದು ಇಂಗಾಲವನ್ನು. ಸಾರಜನಕ, ರಂಜಕ ಹೆಚ್ಚುಕಡಿಮೆ ಪೂರ್ತಿ ಸ್ಲರಿಯಲ್ಲೇ ಇರುತ್ತದೆ, ಅದೂ ಗಿಡಕ್ಕೆ ಬೇಗ ಸಿಗುವ ರೂಪದಲ್ಲಿ, ಅಂದರೆ ನೀರಿಗೂ ಬೇಗ ಸೇರುವ ರೂಪದಲ್ಲಿ. ಜುಲೈಯಲ್ಲಿ ಸ್ಲರಿ ತುಂಬಿ ಹರಿಯುತ್ತದೆ ಎಂದಾದರೆ ಟ್ಯಾಂಕ್ ಸಣ್ಣದಾಯಿತು ಅಂತ ಅರ್ಥ. ತರಗೆಲೆ, ಅಡಿಕೆ ಸಿಪ್ಪೆಯ ರಾಶಿ ಮಾಡಿ, ಮೇಲೆ ಮಾಡು ಕಟ್ಟಿ, ಅದರ ಮೇಲೆ ಸ್ಲರಿ ಬಿಡಿ. ಮಳೆ ಮುಗಿಯುವಾಗ ಒಳ್ಳೆಯ ಗೊಬ್ಬರ ಆಗಿರುತ್ತದೆ.

ಗೊಬ್ಬರವನ್ನು ತೋಟಕ್ಕೆ ಹಾಕುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. "ಮಳೆಗೆ ಮೊದಲು ಹಾಕಿದರೆ ಇಳಿದು ಹೋಗುತ್ತದೆ" ಅನ್ನುತ್ತಾರೆ. ಹೌದು, ಇಳಿದು ತೋಡಿಗೆ ಹೋಗುತ್ತದೆ. ನೇಪಿಯರ್ ತುಂಡಿಗೂ ಕಂಡಾಪಟ್ಟೆ ಸ್ಲರಿ ಸುರಿಯಬೇಡಿ, ಹುಲ್ಲಿನಲ್ಲೇ ನೈಟ್ರೇಟ್ ಜಾಸ್ತಿಯಾಗಿ ದನಕ್ಕೆ ವಿಷವಾಗುವುದುಂಟು.

ಹಿಂಡಿ ಚೀಲ

ಮೇವಿನಲ್ಲಿ ಪ್ರೋಟೀನ್ ಜಾಸ್ತಿಯಾದರೆ ಹಾಲು ಜಾಸ್ತಿಯಾಗುವುದು ಒಂದು ಮಿತಿಯ ತನಕ. ಆಮೇಲೆ ಹೆಚ್ಚಾದದ್ದು ಯೂರಿಯಾ ಆಗಿ ಗಂಜಲದಲ್ಲಿ ಹೋಗುತ್ತದೆ. ಒಂದು ಕಿಲೋ ಕಡಲೆಕಾಯಿ ಹಿಂಡಿಯಲ್ಲಿ ಸುಮಾರು 400 ಗ್ರಾಂ ಪ್ರೋಟೀನ್, ಅದರಲ್ಲಿ 64 ಗ್ರಾಂ ಸಾರಜನಕ. ದನಕ್ಕೆ ಬೇಡದ ಒಂದು ಕಿಲೋ ಹಿಂಡಿ ಕೊಟ್ಟರೆ 140 ಗ್ರಾಂ ಯೂರಿಯಾವನ್ನು ಹಟ್ಟಿಯ ಕಣಿಗೆ ಸುರಿದ ಹಾಗೆ, ಅದೂ ಹಿಂಡಿಯ ಕ್ರಯ ಕೊಟ್ಟು! ಮೈಗೆ ಒಂದೂವರೆ ಕಿಲೋ, ಮತ್ತೆ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಅನ್ನುವ ಸಾಮಾನ್ಯ ಲೆಕ್ಕಕ್ಕೆ ನಿಂತರೆ ಸಾಕು. ಹಸಿ ಹುಲ್ಲು ಧಾರಾಳ ಇರುವಾಗ ಅದಕ್ಕೂ ಕಡಿಮೆ ಮಾಡಬಹುದು. ಖನಿಜ ಮಿಶ್ರಣ ಕೂಡ ಚಮಚ ಹಿಡಿದು ಹಾಕಿ, ಮುಷ್ಟಿಯಲ್ಲಿ ಬೇಡ. ಹೆಚ್ಚಾದ ರಂಜಕ ಸೆಗಣಿಯಲ್ಲೇ ಬರುವುದು. ಗಬ್ಬದ ದನ, ಈಗಷ್ಟೇ ಕರು ಹಾಕಿದ ದನದ ಲೆಕ್ಕ ಬೇರೆ, ಅದಕ್ಕೆ ಡಾಕ್ಟರ ಹತ್ತಿರ ಕೇಳಿ.

ಕಣಿಯ ಬಾಯಿ

ಅಡಿಕೆ ತೋಟದ ಕಣಿಗಳು ತೋಡಿಗೆ ಸೇರುವ ಮೂಲೆಯಲ್ಲಿ ಒಂದು ಗುಂಡಿ ತೋಡಿ. ನಾಲ್ಕಡಿ ಉದ್ದ, ಮೂರಡಿ ಅಗಲ, ಎರಡೂವರೆ ಅಡಿ ಆಳ. ಹೊರಹೋಗುವ ಬದಿಗೆ ತೆಂಗಿನ ಸಿಪ್ಪೆಯ ಸಾಲು ಒತ್ತಿ ಇಡಿ, ನೀರು ಮೇಲಿನಿಂದ ಹರಿದು ಹೋಗಲಿ. ಅಂಚಿಗೆ ಬಾಳೆ, ಕೆಸು ನೆಟ್ಟರೆ ಅವು ಕುಡಿದದ್ದು ಲಾಭ. ನನ್ನ ಗುಂಡಿಯಿಂದ ಒಂದು ಮಳೆಗಾಲಕ್ಕೆ ಹದಿನೆಂಟು ಬುಟ್ಟಿ ಗೋಡು (ಮೆಕ್ಕಲು ಮಣ್ಣು) ಸಿಕ್ಕಿತು. ಎಲ್ಲ ವಾಪಸ್ ಅಡಿಕೆ ಬುಡಕ್ಕೆ. ಮೂರು ವಾರಕ್ಕೊಮ್ಮೆ ತೆಗೆಯಬೇಕು, ತುಂಬಿದ ಗುಂಡಿ ಇದ್ದೂ ಒಂದೇ ಇಲ್ಲದೆಯೂ ಒಂದೇ. ಮಕ್ಕಳಿರುವ ಮನೆಯಾದರೆ ಮೇಲೆ ಸಲಾಕೆ ಅಡ್ಡ ಹಾಕಿ.

ಸರಿಯಾಯಿತಾ ಅಂತ ನೋಡುವುದು

ಬಾವಿಯ ನೀರನ್ನು ವರ್ಷಕ್ಕೆರಡು ಸಲ ನೈಟ್ರೇಟಿಗೆ ಪರೀಕ್ಷೆ ಮಾಡಿಸಿ, ಬೇಸಗೆಯ ಕೊನೆಗೊಮ್ಮೆ, ಮಳೆ ಹಿಡಿದು ಒಂದು ತಿಂಗಳಿಗೊಮ್ಮೆ. ಜೊತೆಗೆ ರೋಗಾಣು ಪರೀಕ್ಷೆಯೂ ಆಗಲಿ. ಬಾವಿಯ ಪರಿಣಾಮ ತೋಡಿನ ಹಾಗೆ ಬೇಗ ಕಾಣುವುದಿಲ್ಲ, ಮಣ್ಣಲ್ಲಿ ಈಗಾಗಲೇ ಇರುವುದು ಇಳಿದು ಮುಗಿಯಲು ಒಂದೆರಡು ಮಳೆಗಾಲ ಬೇಕು. ಮೊದಲ ವರ್ಷ ಸಂಖ್ಯೆ ಇಳಿಯಲಿಲ್ಲ ಅಂತ ಬಿಟ್ಟುಬಿಡಬೇಡಿ.

ತೋಡಿಗೆ ನನ್ನದೇ ಒಂದು ನಾಟಿ ಪರೀಕ್ಷೆ ಉಂಟು. ಮೊದಲ ದೊಡ್ಡ ಮಳೆಯ ದಿನ ಒಳಗಿನದು ಕಾಣುವ ಎರಡು ಬಿಳಿ ಬಾಟಲಿ ತೆಗೆದುಕೊಂಡು ಹೋಗಿ, ತೋಡು ನಿಮ್ಮ ಜಾಗಕ್ಕೆ ಬರುವ ಕಡೆ ಒಂದು, ಹೊರಗೆ ಹೋಗುವ ಕಡೆ ಒಂದು ತುಂಬಿಸಿ. ಬಾಟಲಿಗೆ ತಾರೀಕು ಬರೆದು ಜಗಲಿಯಲ್ಲಿ ಪಕ್ಕ ಪಕ್ಕ ಇಡಿ. ಮೇಲಿನದ್ದು ಮೇಲಿನವರ ಲೆಕ್ಕ. ಎರಡರ ನಡುವಿನ ವ್ಯತ್ಯಾಸ ನಿಮ್ಮ ಲೆಕ್ಕ. ಅಡಿಯಲ್ಲಿ ಕೂತ ಗೋಡು ಎಷ್ಟು ಬೆರಳು ಅಂತ ಒಂದು ದಿನ ಬಿಟ್ಟು ನೋಡಿ.

ಈ ಸಲದ ನನ್ನ ಎರಡು ಬಾಟಲಿ ಇನ್ನೂ ಜಗಲಿಯಲ್ಲಿವೆ. ಕೆಳಗಿನ ಮನೆಯ ಅಕ್ಕ ಮೊನ್ನೆ ಮಜ್ಜಿಗೆಗೆ ಬಂದವರು ಎತ್ತಿ ನೋಡಿದರು. "ಇದು ಈಗಲೂ ಸ್ವಲ್ಪ ಕಪ್ಪು ಉಂಟಲ್ಲ ಅಣ್ಣಾ?" ಉಂಟು. ತೋಟದ ಮೂಡು (ಪೂರ್ವ) ಬದಿಯ ಎರಡನೇ ಕಣಿಗೆ ಗುಂಡಿ ತೋಡಿ ಆಗಿಲ್ಲ, ಅಲ್ಲಿ ಮುರಕಲ್ಲು ಗಟ್ಟಿ. ತುಲಾ ತಿಂಗಳಲ್ಲಿ ಕಲ್ಲು ಕಡಿಯುವವರಿಗೆ ಹೇಳಿಟ್ಟಿದ್ದೇನೆ.